ಉಪ್ಪಿನ ಭರಣಿ

ಆ ಬೇಸಿಗೆ ರಜಕ್ಕೆ ಅಕ್ಕ ನಮ್ಮ ಮನೆಗೆ ಬಂದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅವಳು ತಿನ್ನುತ್ತಿದ್ದ ಉಪ್ಪು. ಒಂದು ಲೋಟ ಮಜ್ಜಿಗೆಗೆ ಒಂದು ಚಮಚ, ಸಾಲದೆ ಮೇಲೊಂದು ಚಿಟಿಕೆ. ಉಪ್ಪಿನಕಾಯಿಯ ರಸವನ್ನು ಬೆರಳಲ್ಲಿ ತೆಗೆದು ನೆಕ್ಕುತ್ತಿದ್ದಳು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ನಿಂತು ಕಲ್ಲುಪ್ಪಿನ ಹರಳು ಬಾಯಿಗೆ ಹಾಕಿಕೊಳ್ಳುವುದನ್ನು ಕಂಡೆ. “ಬಿಪಿ ಬರುತ್ತೆ ಕಣೆ ಅಕ್ಕ” ಎಂದು ಗದರಿ, ಭರಣಿಯನ್ನು ಕೈಗೆ ಸಿಗದ ಹಾಗೆ ಮೇಲಿನ ಗೂಡಿನಲ್ಲಿಟ್ಟೆ. ಅವಳು ಏನೂ ಅನ್ನಲಿಲ್ಲ. ವಾದ ಮಾಡುವಷ್ಟು ತ್ರಾಣವೂ ಅವಳಲ್ಲಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಅರಸೀಕೆರೆ ಕಡೆಯ ಒಂದು ಊರಿನಲ್ಲಿ ಅವಳು ಪ್ರಾಥಮಿಕ ಶಾಲೆಯ ಟೀಚರ್. ಆರು ತಿಂಗಳಲ್ಲಿ ಒಂಬತ್ತು ಕೇಜಿ ಇಳಿದಿದ್ದಳು. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಕೈ ಸೋಲುತ್ತಿತ್ತು. ಮೈ ಕಪ್ಪಿಟ್ಟಿತ್ತು. ಮತದಾರರ ಪಟ್ಟಿ ಹಿಡಿದು ಬಿಸಿಲಲ್ಲಿ ಮನೆಮನೆ ಸುತ್ತಿದ್ದಾಳಲ್ಲ, ಅದಕ್ಕೇ ಎಂದುಕೊಂಡೆವು. ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಇನ್ನೊಬ್ಬರು ಗ್ಯಾಸ್ಟ್ರಿಕ್ ಎಂದರು. ಮತ್ತೊಬ್ಬರು, ಮನಸ್ಸಿಗೆ ಏನೋ ಹಚ್ಚಿಕೊಂಡಿದ್ದೀರಿ ಎಂದರು. ಆ ಮಾತು ಕೇಳಿ ಬಂದ ದಿನ ಅಕ್ಕ ಊಟ ಮಾಡಲಿಲ್ಲ. ದಣಿವನ್ನು ತೋರಿಸಲು ಗಾಯವಿಲ್ಲ, ಬಾವಿಲ್ಲ. ಹೇಳಿದ್ದನ್ನು ನಂಬುವವರು ಬೇಕು.

ನಾಲ್ಕನೆಯವರು ಥೈರಾಯ್ಡ್ ಪರೀಕ್ಷೆ ಬರೆದರು. ನಾಲ್ಕರ ಆಸುಪಾಸಿನೊಳಗೆ ಇರಬೇಕಾದ ಟಿಎಸ್‌ಎಚ್ 14 ಇತ್ತು, ಅಂದರೆ ಥೈರಾಯ್ಡ್ ಕಡಿಮೆ. ಮನೆಯಲ್ಲಿ ಎಲ್ಲರೂ ನಿರಾಳವಾಗಿ ಉಸಿರು ಬಿಟ್ಟೆವು. ಕಾಯಿಲೆಗೆ ಹೆಸರು ಸಿಕ್ಕಿತ್ತು; ಬೀದಿಗೆ ನಾಲ್ಕು ಜನಕ್ಕಿರುವ, ಭಯವಿಲ್ಲದ ಹೆಸರು. ಬೆಳಗ್ಗೆ ಬರಿ ಹೊಟ್ಟೆಗೆ ಥೈರಾಕ್ಸಿನ್, ಗಂಟೆ ಕಳೆದ ಮೇಲೆ ಕಾಫಿ. ಆ ಹೆಸರಿನ ನೆಮ್ಮದಿಯಲ್ಲಿ ಮುಂದಕ್ಕೆ ಕೇಳುವುದನ್ನೇ ಬಿಟ್ಟೆವು. ಥೈರಾಯ್ಡ್ ಕಡಿಮೆಯಾದವರ ತೂಕ ಸಾಮಾನ್ಯವಾಗಿ ಏರುತ್ತದೆ, ಅಕ್ಕ ಕರಗುತ್ತಿದ್ದಾಳೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ.

ಮಾತ್ರೆ ಶುರುವಾಗಿ ಮೂರು ವಾರಕ್ಕೆ ಸುಸ್ತು ಇಮ್ಮಡಿಯಾಯಿತು. ಒಂದು ರಾತ್ರಿ ವಾಂತಿ ನಿಲ್ಲಲಿಲ್ಲ; ಬಚ್ಚಲಿಗೆ ಹೋಗಲೆಂದು ಎದ್ದವಳು ಹೊಸ್ತಿಲಲ್ಲೇ ಕುಸಿದಳು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹಾರ್ಮೋನ್ ತಜ್ಞೆಯೊಬ್ಬರು ನಮ್ಮ ದಪ್ಪ ಫೈಲನ್ನು ಪಕ್ಕಕ್ಕಿಟ್ಟು, “ಅಂಗೈ ತೋರಿಸಿ ಅಮ್ಮ” ಎಂದರು. ಅಂಗೈಯ ಗೆರೆಗಳು ಇದ್ದಿಲಲ್ಲಿ ಎಳೆದಂತಿದ್ದವು. ವಸಡಿನ ಮೇಲೂ ಕಪ್ಪು ಮಚ್ಚೆ. ಬಿಸಿಲಿಗೆ ಮುಖ ಕಪ್ಪಾಗಬಹುದು, ಅಂಗೈ ಗೆರೆ ಆಗುತ್ತದೆಯೇ? ವಸಡು ಆಗುತ್ತದೆಯೇ? ಮಲಗಿಸಿ ಬಿಪಿ ನೋಡಿದರು, ಆತುಕೊಂಡು ನಿಲ್ಲಿಸಿ ಮತ್ತೆ ನೋಡಿದರು, ನಿಂತಾಗ ಪಾತಾಳಕ್ಕಿಳಿದಿತ್ತು. ಆಮೇಲೆ ನನ್ನ ಕಡೆ ತಿರುಗಿ, “ಇವರ ಊಟದಲ್ಲಿ ಏನಾದ್ರೂ ಬದಲಾಗಿತ್ತಾ?” ಎಂದರು.

“ಉಪ್ಪು” ಎಂದೆ. ಅಷ್ಟು ಹೇಳುವಷ್ಟರಲ್ಲಿ ಗಂಟಲು ಕಟ್ಟಿತು.

ರಕ್ತ ತೆಗೆದುಕೊಂಡವರು ರಿಪೋರ್ಟಿಗೆ ಕಾಯಲಿಲ್ಲ. ಆಗಲೇ ಹೈಡ್ರೋಕಾರ್ಟಿಸೋನ್ ಚುಚ್ಚಿ, ಡ್ರಿಪ್ ಹಾಕಿದರು. ಕಡಿಮೆಯೆಂದರೂ 135 ಇರಬೇಕಾದ ಸೋಡಿಯಂ 124ಕ್ಕೆ ಇಳಿದಿತ್ತು, ಪೊಟ್ಯಾಸಿಯಂ ಏರಿತ್ತು, ಕಾರ್ಟಿಸಾಲ್ ತಳ ಕಂಡಿತ್ತು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ, ಒಂದೊಂದೂ ನಾಲ್ಕೈದು ಗ್ರಾಂ ತೂಗುವ ಅಡ್ರಿನಲ್ ಗ್ರಂಥಿಗಳು ಸೋತಿದ್ದವು. ಉಪ್ಪನ್ನು ಮೈಯಲ್ಲಿ ಹಿಡಿದಿಡುವ ಹಾರ್ಮೋನ್ ಇಲ್ಲದೆ ಅದು ಮೂತ್ರದಲ್ಲಿ ಹರಿದುಹೋಗುತ್ತಿತ್ತು. ಹೋದದ್ದನ್ನು ತುಂಬಿಕೊಳ್ಳಲು ಅವಳ ಮೈಯೇ ಉಪ್ಪು ಬೇಡುತ್ತಿತ್ತು. ನಾನು ಮೇಲಿಟ್ಟದ್ದು ಅವಳ ಮದ್ದನ್ನು.

ಈ ಕಾಯಿಲೆಯನ್ನು 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಹನ್ನೊಂದು ರೋಗಿಗಳ ವಿವರದೊಂದಿಗೆ ಬರೆದಿಟ್ಟರು. ಹಾರ್ಮೋನ್ ಎಂಬ ಪದವೇ ಇಲ್ಲದ ಕಾಲ. ಬತ್ತುವ ಶಕ್ತಿ, ಬಲಹೀನ ನಾಡಿ, ಬದಲಾದ ಚರ್ಮದ ಬಣ್ಣ, ಸತ್ತ ಮೇಲೆ ಕೊಯ್ದಾಗ ಕಂಡ ಹಾಳಾದ ಗ್ರಂಥಿ: ಇಷ್ಟನ್ನು ಕಣ್ಣಿಂದಲೇ ನೋಡಿ ಒಂದಕ್ಕೊಂದು ಹೆಣೆದರು. ಅವರ ರೋಗಿಗಳಲ್ಲಿ ಹಲವರ ಗ್ರಂಥಿಗಳನ್ನು ತಿಂದದ್ದು ಕ್ಷಯ. ನಮ್ಮ ದೇಶದಲ್ಲಿ ಇಂದಿಗೂ ಅದು ಮುಖ್ಯ ಕಾರಣಗಳಲ್ಲೊಂದು. ಅಕ್ಕನಿಗೂ ಅದಕ್ಕಾಗಿಯೇ ಸ್ಕ್ಯಾನ್ ಮಾಡಿಸಿದರು. ಕ್ಷಯ ಇರಲಿಲ್ಲ. ಅವಳ ರೋಗನಿರೋಧಕ ಶಕ್ತಿಯೇ ಅಡ್ರಿನಲ್, ಥೈರಾಯ್ಡ್ ಎರಡರ ಮೇಲೂ ತಿರುಗಿಬಿದ್ದಿತ್ತು. ಈ ಎರಡೂ ಒಬ್ಬರಲ್ಲೇ ಕೆಡುವುದನ್ನು ಜರ್ಮನಿಯ ಷ್ಮಿಟ್ ಎಂಬ ವೈದ್ಯರು 1926ರಲ್ಲೇ ದಾಖಲಿಸಿದ್ದರು.

ಹಾಗಾದರೆ ಥೈರಾಯ್ಡ್ ಎಂದವರದು ಸುಳ್ಳಲ್ಲ, ಅರ್ಧ ನಿಜ. ಆ ಅರ್ಧವೇ ಅಪಾಯ ತಂದಿತ್ತು. ಥೈರಾಕ್ಸಿನ್ ಮೈಯ ಒಲೆಯನ್ನು ಜೋರು ಮಾಡುತ್ತದೆ; ಕಾರ್ಟಿಸಾಲ್ ಕೂಡ ಬೇಗ ಖರ್ಚಾಗುತ್ತದೆ. ತಳದಲ್ಲಿ ಉಳಿದಿದ್ದಷ್ಟೂ ಹಾಗೆ ಬರಿದಾಯಿತು. ಎರಡೂ ಕೊರತೆಯಿದ್ದರೆ ಮೊದಲು ಕಾರ್ಟಿಸಾಲ್ ತುಂಬಬೇಕು, ಥೈರಾಕ್ಸಿನ್ ಆಮೇಲೆ. ಮಾತ್ರೆ ಅವೇ, ಸರದಿ ತಪ್ಪಿದ್ದರಿಂದ ಜೀವವೇ ಹೋಗುವುದರಲ್ಲಿತ್ತು.

ಸುಸ್ತಾದವರಿಗೆಲ್ಲ ಈ ಕಾಯಿಲೆ ಇದೆಯೆಂದಲ್ಲ, ಇದು ಅಪರೂಪದ್ದು. ‘ಅಡ್ರಿನಲ್ ದಣಿವು’ ಎಂದು ಹೇಳಿ ಡಬ್ಬಿಗಟ್ಟಲೆ ಪುಡಿ ಮಾರುವವರಿದ್ದಾರೆ. ಹಾರ್ಮೋನ್ ತಜ್ಞರು ಒಪ್ಪುವ ಕಾಯಿಲೆಯಲ್ಲ ಅದು. ಮಂಡಿನೋವಿಗೆಂದು ಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಕೆಲವೊಮ್ಮೆ ಸ್ಟಿರಾಯ್ಡ್ ಬೆರೆತಿರುತ್ತದೆ. ಅದನ್ನು ತಿಂಗಳುಗಟ್ಟಲೆ ತಿಂದು ಥಟ್ಟನೆ ನಿಲ್ಲಿಸಿದರೆ ಗಟ್ಟಿಯಾಗಿದ್ದ ಗ್ರಂಥಿಯೂ ಕೈಕೊಡುತ್ತದೆ. ಅನುಮಾನವಿದ್ದರೆ ಬೆಳಗ್ಗೆ ಎಂಟರ ಸುಮಾರಿಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್ ನೋಡುತ್ತಾರೆ. ಬೇಕಾದರೆ ಗ್ರಂಥಿಯನ್ನು ಎಬ್ಬಿಸುವ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ, ಒಂದು ಗಂಟೆಗೆ ಮತ್ತೆ ನೋಡುತ್ತಾರೆ. ಆದರೆ ಆ ಚೀಟಿ ಬರೆಯಲು ಡಾಕ್ಟರಿಗೆ ಅನುಮಾನ ಬರಬೇಕು, ಅನುಮಾನಕ್ಕೆ ಬೇಕಾದ ಸುಳಿವು ಮನೆಯಲ್ಲಿರುತ್ತದೆ. ನಾಲ್ಕು ಕಡೆ ತೋರಿಸಿದೆವು, ಒಬ್ಬರ ಬಳಿಯೂ ಉಪ್ಪಿನ ಮಾತೆತ್ತಲಿಲ್ಲ. ಅದು ಕಾಯಿಲೆಗೆ ಸಂಬಂಧಿಸಿದ್ದೆಂದು ನಮಗೆ ಅನಿಸಿರಲಿಲ್ಲ. ಈಗ ಮನೆಯವರು ಯಾರನ್ನೇ ಆಸ್ಪತ್ರೆಗೆ ಕರೆದೊಯ್ದರೂ ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ: ಏನು ತಿಂದರು, ಏನು ಬೇಡವೆಂದರು, ಏಳುವಾಗ ಏನು ಹಿಡಿದು ಎದ್ದರು.

ಅಕ್ಕ ಮತ್ತೆ ಪಾಠ ಮಾಡುತ್ತಿದ್ದಾಳೆ. ಜೀವನಪೂರ್ತಿ ಮಾತ್ರೆ, ಪರ್ಸಿನಲ್ಲಿ ಕಾಯಿಲೆಯ ಹೆಸರು ಬರೆದ ಚೀಟಿ, ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಎರಡರಷ್ಟು. ಈ ಯುಗಾದಿಗೆ ಬಂದಿದ್ದಳು. ಊಟಕ್ಕೆ ಕೂತಾಗ ಉಪ್ಪಿನ ಭರಣಿಯನ್ನು ತಂದು ಅವಳ ಎಲೆಯ ಪಕ್ಕದಲ್ಲೇ ಇಟ್ಟೆ. ಅವಳು ನನ್ನನ್ನೊಮ್ಮೆ ನೋಡಿ, ಕೈ ಚಾಚಿ ಒಂದು ಚಿಟಿಕೆ ಮಜ್ಜಿಗೆಗೆ ಹಾಕಿಕೊಂಡಳು. ಅಂಗೈ ಗೆರೆಗಳು ತಿಳಿಯಾಗಿದ್ದವು.

“ಸಾಕು ಕಣೆ” ಎಂದು ಭರಣಿಯನ್ನು ನನ್ನ ಕಡೆಗೆ ಸರಿಸಿದಳು.