ಸರ್ವರ್ ಮನೆ ಬದಲಾಯಿಸುವಾಗ

ಬಾಡಿಗೆ ಮನೆಗಳಲ್ಲಿ ಬಾಳಿದವರಿಗೆ ಮನೆ ಬದಲಾಯಿಸುವ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾತ್ರೆ ಪಗಡೆ, ಹಾಸಿಗೆ, ಪುಸ್ತಕದ ಕಟ್ಟು ಎಲ್ಲವೂ ಲಾರಿ ಏರಿ ಹೊಸ ಮನೆ ಸೇರುತ್ತವೆ. ಹಾಲು ಉಕ್ಕಿಸಿದ್ದೂ ಆಗುತ್ತದೆ. ಆದರೆ ಮಗಳ ಮಾರ್ಕ್ಸ್ ಕಾರ್ಡ್ ಇಟ್ಟಿದ್ದ ಕವರು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಕಂಪ್ಯೂಟರ್ ಲೋಕದಲ್ಲೂ ಇಂಥ ಮನೆ ಬದಲಾವಣೆ ಇದೆ. ವ್ಯತ್ಯಾಸವಿಷ್ಟೆ: ಅಲ್ಲಿ ಸಾಮಾನು ಸಾಗಿಸುವವರು ಒಬ್ಬಿಬ್ಬರು, ಸಾಮಾನಿನ ಒಡೆಯರು ಸಾವಿರಾರು ಮಂದಿ.

ವೆಬ್‌ಸೈಟುಗಳನ್ನೂ ಇ-ಮೇಲ್‌ಗಳನ್ನೂ ತನ್ನಲ್ಲಿಟ್ಟುಕೊಂಡು, ಕೇಳಿದವರಿಗೆ ಒದಗಿಸುವ ಕಂಪ್ಯೂಟರಿಗೆ ಸರ್ವರ್ ಎಂದು ಹೆಸರು. ಹಗಲಿರುಳು ದುಡಿಯುವ ಈ ಯಂತ್ರವನ್ನು ಸುಮ್ಮನೆ ಏಕೆ ಕದಲಿಸಬೇಕು ಎಂಬ ಪ್ರಶ್ನೆ ಸಹಜ. ಅದನ್ನು ನಡೆಸುವ ತಂತ್ರಾಂಶಕ್ಕೂ ಆಯುಸ್ಸು ಉಂಟು. 2014ರಲ್ಲಿ ಬಂದು ಅಸಂಖ್ಯ ಸರ್ವರುಗಳನ್ನು ನಡೆಸಿದ ಸೆಂಟ್‌ಓಎಸ್ 7 ಎಂಬ ತಂತ್ರಾಂಶದ ಪಾಲನೆ 2024ರ ಜೂನ್ 30ಕ್ಕೆ ಮುಗಿಯಿತು. ಆಮೇಲೆ ಅದರಲ್ಲಿ ಬಿರುಕು ಕಂಡರೂ ಅದರ ತಯಾರಕರು ಮುಚ್ಚಿಕೊಡುವುದಿಲ್ಲ; ಬಿರುಕಿನಲ್ಲಿ ಕಳ್ಳರು ನುಗ್ಗಬಹುದು. ಹಳೆಯ ಗೋಡೆಗೆ ಗಾರೆ ಮೆತ್ತುತ್ತ ಕೂರುವುದಕ್ಕಿಂತ, ಬೇರೊಂದು ಯಂತ್ರದಲ್ಲಿ ಎಲ್ಲವನ್ನೂ ಹೊಸದಾಗಿ ಸ್ಥಾಪಿಸಿ, ಬೇಕಾದದ್ದನ್ನಷ್ಟೇ ಅಲ್ಲಿಗೆ ಒಯ್ಯುವುದು ಲೇಸು.

ಮೊದಲ ಕೆಲಸ ನಕಲು. ಇಲ್ಲಿ ಸಾಮಾನನ್ನು ಎತ್ತಿಕೊಂಡು ಹೋಗುವುದಿಲ್ಲ, ಅದರ ಪ್ರತಿಯನ್ನು ಒಯ್ಯುತ್ತಾರೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಇದಕ್ಕೆ ಸೊಗಸಾದ ಸಾಧನವೊಂದನ್ನು ಕೊಟ್ಟರು. ಆರ್‌ಸಿಂಕ್ ಎಂಬ ಅದು ಎರಡೂ ಕಡೆಯ ಕಡತಗಳನ್ನು ಹೋಲಿಸಿ, ಬದಲಾದ ಭಾಗವನ್ನು ಮಾತ್ರ ಕಳಿಸುತ್ತದೆ. ಹೀಗಾಗಿ ಹಳೆಯ ಸರ್ವರ್ ಕೆಲಸ ಮಾಡುತ್ತಿರುವಾಗಲೇ ದೊಡ್ಡ ಹೊರೆಯೆಲ್ಲ ಮೊದಲೇ ಸಾಗಿಬಿಡುತ್ತದೆ. ಕೊನೆಯ ರಾತ್ರಿ ಸ್ವಲ್ಪ ಹೊತ್ತು ಬಾಗಿಲು ಹಾಕಿ ಉಳಿದದ್ದನ್ನು ತಂದರೆ ಸಾಕು.

ಪಾಸ್‌ವರ್ಡ್‌ಗಳ ಗತಿಯೇನು? ಸರಿಯಾಗಿ ಕಟ್ಟಿದ ಸರ್ವರಿನಲ್ಲಿ ಯಾರ ಪಾಸ್‌ವರ್ಡೂ ಇದ್ದ ಹಾಗೆ ಇರುವುದಿಲ್ಲ. ಗಣಿತದ ಬೀಸುವ ಕಲ್ಲಿಗೆ ಹಾಕಿ ತೆಗೆದ ಹಿಟ್ಟು ಮಾತ್ರ ಇರುತ್ತದೆ. ಹಿಟ್ಟನ್ನು ಮತ್ತೆ ಕಾಳಾಗಿಸಲು ಬರುವುದಿಲ್ಲವಷ್ಟೆ. ಸಾಗಿಸುವವರು ಆ ಹಿಟ್ಟನ್ನೇ ಒಯ್ಯುತ್ತಾರೆ. ಯಾರ ಗುಟ್ಟೂ ಅವರಿಗೆ ತಿಳಿಯದು. ಆದರೂ ಮರುದಿನ ಎಲ್ಲರೂ ತಮ್ಮ ಹಳೆಯ ಪಾಸ್‌ವರ್ಡನ್ನೇ ಒತ್ತಿ ಒಳಗೆ ಹೋಗುತ್ತಾರೆ.

ಎರಡನೆಯದು ವಿಳಾಸ. ಇಂಟರ್‌ನೆಟ್‌ನಲ್ಲಿ ಯಂತ್ರಗಳನ್ನು ಗುರುತಿಸುವುದು ಸಂಖ್ಯೆಯಿಂದ. ನಾವು ಬಳಸುವುದು ಹೆಸರನ್ನು. ಹೆಸರಿಗೆ ಸಂಖ್ಯೆ ಹುಡುಕಿಕೊಡುವ ಏರ್ಪಾಟನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಾಪೆಟ್ರಿಸ್ ರೂಪಿಸಿದರು. ಒಮ್ಮೆ ಕೇಳಿ ತಿಳಿದ ಸಂಖ್ಯೆಯನ್ನು ದಾರಿಯ ಕಂಪ್ಯೂಟರುಗಳು ಕೆಲಕಾಲ ನೆನಪಿಟ್ಟುಕೊಳ್ಳುತ್ತವೆ. ಈ ಅವಧಿ ಹಲವೆಡೆ 86,400 ಸೆಕೆಂಡು, ಅಂದರೆ ಒಂದು ದಿನ. ಬಲ್ಲವರು ಮನೆ ಬಿಡುವ ಒಂದೆರಡು ದಿನ ಮೊದಲೇ ಅದನ್ನು 300 ಸೆಕೆಂಡಿಗೆ ಇಳಿಸುತ್ತಾರೆ. ಇಳಿಸಲು ಮರೆತರೆ ಆ ದಿನವೆಲ್ಲ ಕೆಲವರು ಹೊಸ ಬಾಗಿಲು ತಟ್ಟುತ್ತಾರೆ, ಕೆಲವರು ಹಳೆಯ ಬಾಗಿಲು.

ವೆಬ್‌ಸೈಟ್ ನೋಡಬಂದವರು ಹಳೆಯ ಮನೆಗೆ ಹೋದರೆ ದೊಡ್ಡ ನಷ್ಟವಿಲ್ಲ. ಆದರೆ ಅಲ್ಲಿಗೆ ಬಂದ ಪತ್ರ ಅಲ್ಲೇ ಬಿದ್ದಿರುತ್ತದೆ. ಅದು ಯಾರದೋ ಸಂದರ್ಶನದ ಕರೆಯಾಗಿರಬಹುದು. ಇದಕ್ಕೊಂದು ಉಪಾಯವಿದೆ. ಇ-ಮೇಲ್ ಸಾಗಣೆಯ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಬರೆದರು. ಅವುಗಳ ಪ್ರಕಾರ, ಬಾಗಿಲು ಮುಚ್ಚಿದ್ದರೆ ಕಳಿಸುವ ಸರ್ವರ್ ಪತ್ರವನ್ನು ಎಸೆಯದೆ ತನ್ನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸಬೇಕು. ಕನಿಷ್ಠ 4–5 ದಿನ ಹೀಗೆ ಕಾಯಬೇಕೆಂಬುದು ಈಗಿನ ನಿಯಮದ ಸಲಹೆ. ಆದ್ದರಿಂದ ಸಾಗಣೆಯ ಹೊತ್ತಿನಲ್ಲಿ ಹಳೆಯ ಅಂಚೆ ಬಾಗಿಲನ್ನು ಅರೆ ತೆರೆದಿಡುವುದಕ್ಕಿಂತ ಪೂರ್ತಿ ಮುಚ್ಚುವುದೇ ಕ್ಷೇಮ.

ಇಷ್ಟೆಲ್ಲ ಜಾಣ್ಮೆ ಇದ್ದೂ ಅನಾಹುತಗಳಾಗಿವೆ. ಅಮೆರಿಕದ ಮೈಸ್ಪೇಸ್ ತಾಣದಲ್ಲಿ ಹೊಸ ಗಾಯಕರು ತಮ್ಮ ಹಾಡುಗಳನ್ನು ಇಡುತ್ತಿದ್ದರು. ಸರ್ವರ್ ಬದಲಾವಣೆಯಲ್ಲಿ, ಮೂರು ವರ್ಷಕ್ಕಿಂತ ಹಿಂದೆ ಜನ ಇಟ್ಟಿದ್ದ ಹಾಡು, ಚಿತ್ರ, ವಿಡಿಯೋಗಳು ಹೋಗಿಬಿಟ್ಟಿವೆ ಎಂಬ ಸಂಗತಿ 2019ರ ಮಾರ್ಚಿನಲ್ಲಿ ಜಗತ್ತಿಗೆ ತಿಳಿಯಿತು. 2003ರಿಂದ 2015ರವರೆಗಿನ ಸುಮಾರು 5 ಕೋಟಿ ಹಾಡುಗಳು ನಷ್ಟವಾದುವೆಂದು ಅಂದಾಜು. ಸಂಶೋಧಕರ ಗುಂಪೊಂದು ಅಧ್ಯಯನಕ್ಕೆಂದು ಹಿಂದೆಯೇ ತೆಗೆದಿಟ್ಟಿದ್ದ ಸುಮಾರು 4 ಲಕ್ಷ 90 ಸಾವಿರ ಹಾಡುಗಳು ಆಮೇಲೆ ದೊರೆತವು. ಹೊಸ ನೀರು ಹಳೆಯ ನೀರನ್ನು ಕೊಚ್ಚಿಕೊಂಡು ಹೋಯಿತೆಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು. ಬೇರೆ ಪ್ರತಿ ಇಟ್ಟುಕೊಳ್ಳದವರ ಹರೆಯದ ಹಾಡು ಹೋದದ್ದು ಹೋಯಿತು.

ಪ್ರತಿ ಇದೆಯೆಂದು ನಂಬುವುದು ಬೇರೆ, ತೆರೆದು ನೋಡುವುದು ಬೇರೆ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯ ದಣಿದ ತಂತ್ರಜ್ಞನೊಬ್ಬ ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟ. ತಡೆಯುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು 4.5 ಗಿಗಾಬೈಟ್. ಪ್ರತಿ ಇಡಲು ಐದು ಬಗೆಯ ಏರ್ಪಾಟುಗಳಿದ್ದವು, ಒಂದೂ ನೆಚ್ಚುವಂತಿರಲಿಲ್ಲ. ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆ ತೆಗೆದಿದ್ದ ಪ್ರತಿಯೊಂದು ಮಾನ ಉಳಿಸಿತು. ಆ ಸಂಸ್ಥೆ ನಡೆದದ್ದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು.

ಅನುಭವಿಗಳು ಹೊಸ ಸರ್ವರಿನಲ್ಲಿ ಕಡತಗಳನ್ನು ತಾಳೆ ನೋಡಿ, ಪತ್ರ ಕಳಿಸಿ, ಪತ್ರ ತರಿಸಿ ಪರೀಕ್ಷಿಸುತ್ತಾರೆ. ಆಮೇಲೂ ಕೆಲವು ವಾರ ಹಳೆಯದನ್ನು ಅಳಿಸುವುದಿಲ್ಲ. ಯಂತ್ರ ಮತ್ತೆ ಸಿಗುತ್ತದೆ, ತಂತ್ರಾಂಶವೂ ಸಿಗುತ್ತದೆ; ಜನ ನಂಬಿ ಇಟ್ಟದ್ದು ಮಾತ್ರ ಸಿಗುವುದಿಲ್ಲ.

ಮಕ್ಕಳ ಫೋಟೋ, ಅಂಕಪಟ್ಟಿ, ಪ್ರಾಜೆಕ್ಟು ಎಲ್ಲವೂ ಇಂದು ಯಾವುದೋ ದೂರದ ಸರ್ವರಿನಲ್ಲಿವೆ. ಆ ಸರ್ವರೂ ಎಂದಾದರೊಂದು ದಿನ ಮನೆ ಬದಲಾಯಿಸುತ್ತದೆ. ಅಪ್ಪ ಅಮ್ಮ ಮಕ್ಕಳು ಒಂದು ಭಾನುವಾರ ಜೊತೆಗೆ ಕುಳಿತು, ಮುಖ್ಯವಾದವುಗಳ ಪ್ರತಿಯನ್ನು ಮನೆಯಲ್ಲೂ ಇಟ್ಟುಕೊಂಡು, ಅದು ತೆರೆಯುತ್ತದೆಯೇ ಎಂದು ನೋಡಿದರೆ ಒಳ್ಳೆಯದು.