ಹದಿನೆಂಟು ಗಂಟೆ

ನಮ್ಮ ನಾಲ್ವರ ಅಂಡಮಾನ್ ಸ್ಕೂಬಾ ಬಜೆಟ್‌ನಲ್ಲಿ ಅರ್ಧ ದುಡ್ಡು ತಿನ್ನುತ್ತಿದ್ದದ್ದು ವಿಮಾನವೇ. ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಸರ್ಕಾರಿ ಫೆರಿ, ಮೂರು ಹೊತ್ತೂ ಅನ್ನ-ಸಾರು ಅಂತ ಬರೆದರೂ ಲೆಕ್ಕ ಇಳಿಯಲಿಲ್ಲ. ಕೊನೆಗೆ ವಾಪಸ್ ಬರೋಕೆ ಬೆಳಿಗ್ಗೆ 7ರ ಅಗ್ಗದ ಫ್ಲೈಟ್ ಸಿಕ್ಕಿತು. ಕೊನೆಯ ಡೈವ್ ಹಿಂದಿನ ದಿನ ಮಧ್ಯಾಹ್ನ 3ಕ್ಕೆ. ನಾನು ಬೇಡವೇ ಬೇಡ ಅಂದೆ.

ಹೆನ್ರಿ ನಿಯಮ ಪಿಯುಸಿಯಲ್ಲಿ ಎಲ್ಲರೂ ಓದಿದ್ದೇವಲ್ಲ. ನೀರಿನಾಳದ ಒತ್ತಡಕ್ಕೆ ಮೈಯಲ್ಲಿ ಹೆಚ್ಚು ನೈಟ್ರೋಜನ್ ಕರಗುತ್ತೆ. ಅದು ನಿಧಾನವಾಗಿ ಹೊರಹೋಗೋ ಮೊದಲೇ ವಿಮಾನ ಹತ್ತಿದರೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ಸೋಡಾ ಬಾಟಲಿ ತೆರೆದ ಹಾಗೆ ಒಳಗೇ ಗುಳ್ಳೆ ಏಳಬಹುದು. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೂ ಹೋಗಬಹುದು. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ಕನಿಷ್ಠ 18 ಗಂಟೆ ಕಾಯಬೇಕು ಅನ್ನೋದು ಅದಕ್ಕೇ. ನಮಗಿದ್ದದ್ದು 16.

ಕಾಯೋದು ಅಂದ್ರೆ ಇನ್ನೊಂದು ರಾತ್ರಿ ರೂಮು, ದುಬಾರಿ ಟಿಕೆಟ್ಟು. "ಹಾಗಾದ್ರೆ ನೀವು ಮೂವರೇ ಹೋಗಿಬನ್ನಿ" ಅಂದ ನನ್ನ ರೂಮ್‌ಮೇಟ್. ಟ್ಯೂಷನ್ ಹೇಳಿ ಕೂಡಿಟ್ಟ ದುಡ್ಡು ಅವನದು. ಅವನನ್ನು ಬಿಟ್ಟು ಅದೆಂಥಾ ಟ್ರಿಪ್ಪು?

ಚೆನ್ನೈಗೆ ಹಡಗಿದೆ, ಸುಮಾರು ಮೂರು ದಿನದ ದಾರಿ. ಸಮುದ್ರಮಟ್ಟದಲ್ಲೇ ಪ್ರಯಾಣ, ಹಾಗಾಗಿ ಒತ್ತಡದ ತಲೆನೋವಿಲ್ಲ. (ವಾಂತಿ ಬೇರೆ ವಿಷಯ.) ಅಟೆಂಡೆನ್ಸ್ ಹೋಗದ ಹಾಗೆ ಸೆಮ್ ರಜೆಗೆ ಪ್ಲಾನ್ ತಳ್ಳಿದ್ದೇವೆ. ಹಡಗಿನ ವೇಳಾಪಟ್ಟಿ ಬಂತಾ ಅಂತ ದಿನಾ ನೋಡೋನು ಈಗ ಅವನೇ.