ಸೀಸೆಯ ಮೇಲೆ ಬರೆಯದ ಟೈಮು

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವ್ವನ ಫೋನು. ಹಲೋ ಅನ್ನೋದೂ ಇಲ್ಲ. "ಪೂಜೆಗೆ ಹೋಗಿದ್ಯಾ ಮಗ?" ಬೆಂಗಳೂರಿನ ನನ್ನ ರೂಮ್‌ಮೇಟ್ ಮೊದಮೊದಲು ಯಾವ ದೇವಸ್ಥಾನಕ್ಕೆ ಅಂತ ಕೇಳುತ್ತಿದ್ದ. ಚರ್ಚಿನ ಬಲಿಪೂಜೆಯನ್ನು ನಾವು ಮನೆಯಲ್ಲಿ ಬರೀ ಪೂಜೆ ಅನ್ನೋದು, ಫಾದರ್‌ಗಳನ್ನು ಸ್ವಾಮಿಗಳು ಅನ್ನೋದು ಅವನಿಗೆ ಗೊತ್ತಿರಲಿಲ್ಲ.

ನಮ್ಮೂರು ನಾಗಮಂಗಲ ತಾಲ್ಲೂಕಿನ ದೇವಲಾಪುರ. ನಾನು ಬೆಳೆಯುವಾಗ ನಮ್ಮ ಬೀದಿಯಲ್ಲಿ ಗೋಡೆಗೆ ಶಿಲುಬೆ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಅದರಿಂದ ಯಾರಿಗೂ ಏನೂ ಆಗಿರಲಿಲ್ಲ. ಯುಗಾದಿಗೆ ಅಕ್ಕಪಕ್ಕದ ಒಬ್ಬಟ್ಟು ನಮ್ಮನೆಗೆ, ಕ್ರಿಸ್‌ಮಸ್‌ಗೆ ನಮ್ಮ ಕಜ್ಜಾಯ ಅವರ ಮನೆಗೆ. ಅವ್ವ ಸುತ್ತಲಿನ ಹಳ್ಳಿಗಳಿಗೆ ಸರ್ಕಾರಿ ನರ್ಸು. ಊರಿಗೆಲ್ಲ ನರ್ಸಮ್ಮ.

ಈ ವರ್ಷ ತಪಸ್ಸು ಕಾಲ ಶುರುವಾಗುವ ಹೊತ್ತಿಗೆ ನಾನು ಆಫೀಸಿನಲ್ಲಿ ಒಂದು ಕೆಲಸ ಮಾಡಿದೆ. ಮಾಡಿದೆ ಅನ್ನೋದಕ್ಕಿಂತ ಮಾಡದೆ ಬಿಟ್ಟೆ ಅನ್ನಬೇಕು. ರಿಲೀಸ್ ದಿನ ರಾತ್ರಿ ಒಂದು ಸಾಲು ಬದಲಾಯಿಸಿ ಟೆಸ್ಟ್ ಮಾಡದೆ ಸೇರಿಸಿಬಿಟ್ಟಿದ್ದೆ. ಒಂದೇ ಸಾಲು ತಾನೆ ಅನ್ನೋ ಧೈರ್ಯ. ಮರುದಿನ ಬಿಲ್ಲಿಂಗ್ ನಾಲ್ಕು ಗಂಟೆ ಹೊತ್ತು ತಪ್ಪು ತಪ್ಪಾಗಿ ಓಡಿತು. ಅದೇ ರಿಲೀಸ್‌ನಲ್ಲಿ ನಮ್ಮ ಟೀಮಿಗೆ ಹೊಸದಾಗಿ ಬಂದಿದ್ದ ಹುಡುಗಿಯ ದೊಡ್ಡ ಬದಲಾವಣೆಯೂ ಇತ್ತು. ಮೀಟಿಂಗ್‌ನಲ್ಲಿ ಎಲ್ಲರೂ ಅವಳ ಕಡೆಗೇ ತಿರುಗಿದರು. ಆ ಹೊತ್ತಿಗೆ ನನಗೂ ಖಚಿತವಿರಲಿಲ್ಲ, ನಿಜ. ಸಂಜೆ ಲಾಗ್ ತೆಗೆದು ನೋಡಿದಾಗ ಖಚಿತವಾಯಿತು. ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಬಂದೆ. ಅಪ್ರೈಸಲ್‌ನಲ್ಲಿ ಅವಳಿಗೆ 'ಇನ್ನೂ ಎಚ್ಚರ ಬೇಕು' ಎಂದು ಬಂತು.

ಪಾಪನಿವೇದನೆಗೆ ಹೋದೆ. ಜಾಲರಿಯ ಆಚೆಗಿದ್ದ ಸ್ವಾಮಿಗಳಿಗೆ ಎಲ್ಲ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಮೂರು ಸಲ ನಮೋ ಮರಿಯ ಹೇಳಲು ತಿಳಿಸಿ, ಆ ಹುಡುಗಿಗೆ ಆದ ನಷ್ಟವನ್ನು ಸರಿಮಾಡು ಅಂದರು. ಮೂರು ನಮೋ ಮರಿಯ ಅಲ್ಲೇ ಮೊಣಕಾಲೂರಿ ಮುಗಿಸಿದೆ. ಇನ್ನೊಂದನ್ನು ಆಮೇಲೆ ನೋಡೋಣ ಅಂದುಕೊಂಡೆ. ಎದೆ ಹಗುರಾಗಿತ್ತು. ಹೊರಗೆ ಬಂದು ಮಸಾಲೆ ದೋಸೆ ತಿಂದೆ.

ಗರಿಗಳ ಭಾನುವಾರದ ಹಿಂದಿನ ದಿನ ಊರಿಗೆ ಹೋಗಿದ್ದಾಗ ಅವ್ವನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದೆ. ಗಂಜಾಂನಲ್ಲಿ ಅಬ್ಬೆ ದುಬೊಯ್ ಕಟ್ಟಿಸಿದ ಹಳೆಯ ಚರ್ಚು ನೋಡಬೇಕು ಅಂತ ಅವಳಿಗೆ ಬಹಳ ದಿನದ ಆಸೆ. ದುಬೊಯ್ ಫ್ರಾನ್ಸಿನ ಪಾದ್ರಿ. 1792ರಲ್ಲಿ ಇಂಡಿಯಾಕ್ಕೆ ಬಂದು, 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಕಡೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ನಿಂತವರು. ಇಲ್ಲಿನವರ ಹಾಗೇ ಬಟ್ಟೆ ತೊಟ್ಟು, ಮಾಂಸ ಬಿಟ್ಟು ಬದುಕಿದರು. ಜನ ಅವರನ್ನು ದೊಡ್ಡ ಸ್ವಾಮಿಯವರು ಅನ್ನುತ್ತಿದ್ದರಂತೆ. ಅವ್ವನಿಗೆ ಅವರ ಮೇಲೆ ಅಭಿಮಾನ ಇರೋದು ಬೇರೆ ಕಾರಣಕ್ಕೆ. ಮೈಸೂರು ಸೀಮೆಯಲ್ಲಿ ಸಿಡುಬಿಗೆ ಲಸಿಕೆ ಹಾಕಿಸಲು ಮೊದಮೊದಲು ಓಡಾಡಿದವರಲ್ಲಿ ಅವರೂ ಒಬ್ಬರು. 1803-04ರಷ್ಟು ಹಿಂದೆ! "ನಮ್ ಡಿಪಾರ್ಟ್‌ಮೆಂಟಿನೋರು ಕಣೋ," ಅಂತ ನಕ್ಕಳು.

ಪುಸ್ತಕಗಳಲ್ಲಿ ನನಗೆ ಸಿಕ್ಕಿದ್ದು ಇನ್ನೊಂದು ಸಂಗತಿ. ಮೂವತ್ತು ವರ್ಷ ದುಡಿದು 1823ರಲ್ಲಿ ವಾಪಸ್ ಹೋದ ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಅಚ್ಚಾಯಿತು. ತಾನು ಬಂದ ಕೆಲಸ, ಅಂದರೆ ಇಲ್ಲಿನವರನ್ನು ಕ್ರೈಸ್ತರಾಗಿಸುವ ಕೆಲಸ, ಕೈಗೂಡಲಿಲ್ಲ ಅಂತ ಅದರಲ್ಲಿ ನೇರವಾಗಿ ಬರೆದಿದ್ದಾರೆ. ಬೇರೆ ಮಿಷನರಿಗಳು ಸಿಟ್ಟಾದರು. ಅವರ ವಾದ ಸರಿಯೋ ತಪ್ಪೋ, ಆ ಚರ್ಚೆ ನನಗೆ ಬೇಡ. ಸೋತೆ ಅಂತ ಅಚ್ಚು ಹಾಕಿಸಿದರಲ್ಲ, ಅದನ್ನು ಅವ್ವನಿಗೆ ಹೇಳಿದೆ.

ಅವ್ವ ಬೆಂಚಿನ ಮೇಲೆ ಕೂತು ಜಪಸರ ಬೆರಳಿಗೆ ಸುತ್ತಿಕೊಂಡು, "ದಡಾರದ ದಿನ ನೆನಪೈತಾ?" ಅಂದಳು.

ನೆನಪಿತ್ತು. ನನಗಾಗ ಹತ್ತು ವರ್ಷವಿರಬೇಕು. ಶಾಲೆಗೆ ರಜೆ, ಅವ್ವನ ಜೊತೆ ಹೋಗಿದ್ದೆ. ದಡಾರದ ಲಸಿಕೆ ಪುಡಿಯಾಗಿ ಬರುತ್ತೆ. ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ಚೆಲ್ಲಬೇಕು. ಹಾಗೇ ಇಟ್ಟುಕೊಂಡು ಹಾಕಿದರೆ ಮಗುವಿನ ಜೀವಕ್ಕೇ ಅಪಾಯ. ಅದಕ್ಕೇ ಬೆರೆಸಿದ ಟೈಮನ್ನು ಸೀಸೆಯ ಮೇಲೆ ಬರೆಯೋದು. ಅವತ್ತು ಒಂದು ಊರಲ್ಲಿ ಬೆರೆಸಿ ಇನ್ನೊಂದು ಊರಿಗೆ ಹೋದಾಗ ನೋಡುತ್ತಾಳೆ, ಸೀಸೆಯ ಮೇಲೆ ಟೈಮಿಲ್ಲ. ಬರೆಯೋದು ಮರೆತಿದ್ದಳು. ಮೂರು ಗಂಟೆ ಆಗಿತ್ತೋ ನಾಲ್ಕೂವರೆ ಆಗಿತ್ತೋ. ಡಬ್ಬಿಯಲ್ಲಿ ಬೇರೆ ಸೀಸೆಯಿಲ್ಲ. ಜಗಲಿ ತುಂಬ ಒಂಬತ್ತು ತಿಂಗಳ ಕೂಸುಗಳನ್ನು ಎತ್ತಿಕೊಂಡು ಕೂಲಿ ಬಿಟ್ಟು ಬಂದ ಹೆಂಗಸರು.

"ತಪ್ಪು ನಂದು ಕಣ್ರವ್ವ. ಟೈಮ್ ಬರ್ಕಂಡಿಲ್ಲ. ಇದ ಹಾಕಕ್ಕಾಗಲ್ಲ, ನಾಳಿಕ್ ಬನ್ನಿ."

"ನಮ್ ಕೂಲಿ ಕೊಡೋರ್ಯಾರು ನರ್ಸಮ್ಮ?" ಅಂತ ಒಬ್ಬಳು ಕೂಗಾಡಿದಳು. ಅವ್ವ ತಲೆ ತಗ್ಗಿಸಿ ನಿಂತಿದ್ದು ನಾನು ನೋಡಿದ್ದು ಅದೊಂದೇ ಸಲ. ವರದಿಯಲ್ಲೂ ಇದ್ದದ್ದು ಇದ್ದ ಹಾಗೆ ಬರೆದಳು, ಮೇಲಿನವರಿಂದ ಬೈಸಿಕೊಂಡಳು. ಮರುದಿನ ಅವಳ ರಜೆ, ಆದರೂ ಹೋದಳು. ಕೂಗಾಡಿದವಳು ಬರಲಿಲ್ಲ. ಸಂಜೆ ಅವಳ ಹೊಲಕ್ಕೇ ಹೋಗಿ ಕೂಸಿಗೆ ಸೂಜಿ ಹಾಕಿ ಬಂದಳು.

"ಯಾವ್ದೋ ಒಂದ್ ಟೈಮ್ ಬರೆದಿದ್ರೆ ಯಾರಿಗ್ ಗೊತ್ತಾಗ್ತಿತ್ತು ಅವ್ವ?" ಅಂತ ಅವತ್ತು ಬಸ್ಸಿನಲ್ಲಿ ಕೇಳಿದ್ದೆ. ಉತ್ತರ ಕೊಟ್ಟಿರಲಿಲ್ಲ. ಗಂಜಾಂನಲ್ಲೂ ಕೊಡಲಿಲ್ಲ. ಕಥೆ ಯಾಕೆ ತೆಗೆದಳೋ, ನನ್ನ ಮುಖದಲ್ಲಿ ಏನು ಕಂಡಳೋ. ನಾನೇನೂ ಹೇಳಿರಲಿಲ್ಲ.

ಮರುದಿನ ಗರಿ ಹಿಡಿದು ಪೂಜೆಗೆ ನಿಂತಾಗ, ಶುರುವಿನಲ್ಲೇ ಎದೆ ಬಡಿದುಕೊಂಡು ಹೇಳುವ ಪಾಪ ಒಪ್ಪಿಕೊಳ್ಳುವ ಪ್ರಾರ್ಥನೆ ಬಂತು. ಚಿಕ್ಕಂದಿನಿಂದ ಸಾವಿರ ಸಲ ಹೇಳಿರಬಹುದು. ಅದರಲ್ಲಿ ನಾವು ತಪ್ಪೊಪ್ಪಿಕೊಳ್ಳೋದು ದೇವರಿಗೆ ಮಾತ್ರವಲ್ಲ, ಪಕ್ಕದಲ್ಲಿ ನಿಂತ ಸೋದರ ಸೋದರಿಯರಿಗೂ. ಮಾಡಿದ್ದಕ್ಕಷ್ಟೇ ಅಲ್ಲ, ಮಾಡದೆ ಬಿಟ್ಟದ್ದಕ್ಕೂ. ಅವತ್ತು ಪಕ್ಕದವರಿಗೂ ಅನ್ನುವ ಜಾಗಕ್ಕೆ ಬಂದಾಗ ಬಾಯಿ ನಿಂತುಹೋಯಿತು. ದೇವರು ಮೀಟಿಂಗ್‌ಗೆ ಬರೋದಿಲ್ಲ, ಅಪ್ರೈಸಲ್ ಬರೆಯೋದಿಲ್ಲ. ಅವನ ಹತ್ತಿರ ಹೇಳಿದ್ದಕ್ಕೆ ನನಗೆ ಕಾಸಿನ ಖರ್ಚೂ ಆಗಿರಲಿಲ್ಲ.

ಸೋಮವಾರ ಅವಳನ್ನು ಕ್ಯಾಂಟೀನ್ ಪಕ್ಕಕ್ಕೆ ಕರೆದು ಹೇಳಿದೆ. ಮಾತು ತೊದಲಿತು. ಅವಳು ಕಪ್ಪು ಕೆಳಗಿಟ್ಟು, "ಗೊತ್ತು ಸರ್. ಅವತ್ತೇ ರಾತ್ರಿ ಲಾಗ್ ನೋಡಿದ್ದೆ," ಅಂದಳು. "ನೀವೇ ಹೇಳ್ತೀರ ಅಂದ್ಕೊಂಡಿದ್ದೆ."

ಒಂದೂವರೆ ತಿಂಗಳು ಅವಳು ಕಾದಿದ್ದಳು.

ಮ್ಯಾನೇಜರ್‌ಗೆ ಮೇಲ್ ಬರೆದೆ, ಅವಳಿಗೂ ಪ್ರತಿ ಕಳಿಸಿ. ಅವರು ನನ್ನನ್ನು ಕರೆದು ಚೆನ್ನಾಗಿಯೇ ಬೈದರು. ಅವಳ ರೇಟಿಂಗ್ ಈ ಸಲಕ್ಕೆ ಮುಗಿದುಹೋಗಿದೆ, ಮುಂದಿನ ಸಲ ನೋಡೋಣ ಅಂದರು. ಅದನ್ನು ಅವಳಿಗೆ ಹೇಳಬೇಕಾದವನೂ ನಾನೇ ಆದೆ. ಸರಿ ಸರ್ ಅಂದಳು, ಅಷ್ಟೇ.

ಮುಂದಿನ ಭಾನುವಾರ ಪಾಸ್ಖ ಹಬ್ಬ. ಹತ್ತು ಗಂಟೆಗೆ ಫೋನು ಬಂತು. "ಹೋಗಿದ್ದೆ ಅವ್ವ," ಅಂದೆ. ಅವಳಿಗೆ ಆಫೀಸಿನ ವಿಷಯ ಇನ್ನೂ ಹೇಳಿಲ್ಲ. ಈ ಬರಹ ಅವಳ ಕಣ್ಣಿಗೆ ಬಿದ್ದರೆ ಗೊತ್ತಾಗಲಿ. ಆ ಹುಡುಗಿ ಈಗಲೂ ನಾವು ಕಾಫಿಗೆ ಕರೆದರೆ, "ನೀವು ಹೋಗ್ಬನ್ನಿ ಸರ್" ಅನ್ನುತ್ತಾಳೆ.